ಮೂಸದ ಮೀಸಲು

ಮನೆದೇವತೆ ಪಟ್ಟಲಮ್ಮನಿಗೆ ಮೀಸಲು ಬೇಯಿಸುವ ದಿನ ಸಣ್ಣತಾಯಮ್ಮ ಮೂಗು ಬಾಯಿ ಎರಡನ್ನೂ ಮುಚ್ಚಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಒಲೆ ಮುಂದೆ ಕೂತ ಮೇಲೆ ಮಾತಿಲ್ಲ, ಕತೆಯಿಲ್ಲ. ಸಿಹಿ ಸಾಲದೋ ಹೆಚ್ಚಾಯಿತೋ ಎಂದು ನಾಲಗೆಗೆ ತಾಕಿಸಿ ನೋಡುವಂತಿಲ್ಲ. ಹಾಲು ತಳ ಹಿಡಿದರೂ ಮೂಗಿಗೆ ತಿಳಿಯಬಾರದು, ಕಣ್ಣಿಗೇ ತಿಳಿಯಬೇಕು. ತಾಯಿ ಉಣ್ಣುವುದಕ್ಕೆ ಮೊದಲು ಮನುಷ್ಯರ ಮೂಗು ಉಂಡರೂ ಅದು ಎಂಜಲೇ ಎನ್ನುವುದು ಆ ಮನೆಯ ನಡೆ. ಯುಗಾದಿ ಕಳೆದ ಮೊದಲನೇ ಮಂಗಳವಾರ, ವರ್ಷಕ್ಕೊಂದೇ ಸಲ, ಆಕೆ ಹಾಗೆ ಹಾಲನ್ನ ಬೇಯಿಸುತ್ತ ನಲವತ್ತು ವರ್ಷವಾಗಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆರೆ ಏರಿ ಇಳಿದ ಕೂಡಲೇ ಸಿಗುವ ಮನೆ ಅದು. ಸಣ್ಣತಾಯಮ್ಮನ ಹಿರೀಸೊಸೆ ದೇವಿರಮ್ಮ ಅಡಿಗೆಮನೆಯ ಹೊಸಲಿನಾಚೆ ನಿಂತು ಹನ್ನೆರಡು ಮೀಸಲು ನೋಡಿದ್ದಳು. ಹೊಸಲು ದಾಟಲು ಮಾತ್ರ ಅಪ್ಪಣೆಯಿರಲಿಲ್ಲ.

ಕಾರಣ ಅವಳ ಕೈ. ಮಳವಳ್ಳಿ ಮಗ್ಗುಲಿನ ಅವಳ ತವರಿನಲ್ಲಿ ರೇಷ್ಮೆ ಬಿಚ್ಚುವ ಚರಕವಿತ್ತು. ಹತ್ತು ವರ್ಷದವಳಿಂದಲೇ ಬಿಸಿನೀರಿನ ಬಾಣಲೆ ಮುಂದೆ ಕೂತು, ಬೆಂದ ಗೂಡಿನಿಂದ ಎಳೆಯ ತುದಿ ಹಿಡಿದು ಕೊಡುವ ಕೆಲಸ ಕಲಿತಿದ್ದಳು. ಮದುವೆಯಾದ ಮೇಲೆ ಚರಕವೂ ಅವಳ ಹಿಂದೆ ಬಂತು. ಮುಂದೆ ಎರಡನೇ ಮಹಾಯುದ್ಧ ಶುರುವಾಗಿ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಾಗ ಹಿತ್ತಲಿನ ಕೊಟ್ಟಿಗೆಯಲ್ಲಿ ಅದು ದಿನಾಲೂ ತಿರುಗತೊಡಗಿತು.

ಅವಳು ಬಂದ ವರ್ಷವೇ ಅತ್ತೆ ಕೇಳಿದ್ದಳು: "ಒಂದೆಳೆಗೆ ಎಷ್ಟು ಗೂಡು ಬೇಕಮ್ಮಿ?"

"ಎಂಟೋ ಅತ್ತೋ ಸೇರ್ಸಿದ್ರೆ ಒಂದೆಳೆ ಆಯ್ತದೆ ಅತ್ತೆ."

"ಅಂದ್ರೆ ಎಂಟತ್ತು ಜೀವ. ಸರಿ ಬುಡು, ಸೀರೆ ನಾವೂ ಉಡ್ತೀವಿ, ನಿನ್ನ ಬಯ್ಯಾಕಿಲ್ಲ. ಆದ್ರೆ ಜೀವ ಬೇಯ್ಸೋ ಕೈ ತಾಯ್ಗೆ ಅನ್ನ ಬೇಯ್ಸಬಾರ್ದು ಕಣವ್ವ."

ಅದರಲ್ಲಿ ಹಗೆಯಿರಲಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎನ್ನುವಷ್ಟು ಸಲೀಸಾಗಿ ಹೇಳಿದ ಮಾತು. ಅದಕ್ಕೇ ದೇವಿರಮ್ಮನಿಗೆ ಎದುರಾಡಲು ಆಗಲಿಲ್ಲ, ಮರೆಯಲೂ ಆಗಲಿಲ್ಲ. ಅವಳ ಮಾವ ನಿಂಗಯ್ಯ ಸಂಜೆ ಜಗಲಿಯ ಮೇಲೆ ಕೂತು ರಾಗವಾಗಿ ಪದ್ಯ ಓದುತ್ತಿದ್ದ. ಒಳಗೆ ಅಕ್ಕಿ ಕೇರುತ್ತ ಅವಳು ಕೇಳುತ್ತಿದ್ದಳು. ಓದು ಬಾರದಿದ್ದರೂ ಕೇಳಿ ಕೇಳಿ ನೂರಾರು ಪದ್ಯ ಅವಳ ಎದೆಯಲ್ಲಿ ಇಳಿದಿದ್ದವು. ಯಾರೋ ಬಡವಿ ಒಂದು ಹಿಡಿ ಅನ್ನವಿಟ್ಟು ದೇವರನ್ನು ಕರೆದಳು, ದೇವರು ಬಂದು ಉಂಡ ಎನ್ನುವ ಕಡೆ ಬಂದರೆ ಅವಳ ಕೈಯ ಮೊರ ತಾನಾಗಿ ನಿಲ್ಲುತ್ತಿತ್ತು. ಒಂದೇ ಒಂದು ಸಲ, ತಾಯಿ ಉಣ್ಣುವ ಒಂದು ಮಡಕೆ ಅನ್ನ ತನ್ನ ಕೈಯಿಂದ ಬೇಯಬೇಕು. ಅವಳಿಗೆ ಬೇಕಾಗಿದ್ದು ಅಷ್ಟೆ. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ.

ಅವಳ ಗಂಡ ಸಿದ್ದರಾಜು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ದೊರೆಯೊಬ್ಬರ ಬಂಗಲೆಯಲ್ಲಿ ಮಾಲಿ. ಶನಿವಾರ ರೈಲು ಹತ್ತಿ ಮದ್ದೂರಿಗೆ ಬಂದು, ಅಲ್ಲಿಂದ ನಡೆದು ಮನೆ ಸೇರುತ್ತಿದ್ದ. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಒಂದು ಶನಿವಾರ, ಒದ್ದೆ ಗೋಣಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದ.

"ಏನ್ಲಾ ಅದು, ಅಸ್ರು ಹಾವು ಇಡ್ಕಂಡ್ ಬಂದಂಗೈತೆ?" ಎಂದಳು ಸಣ್ಣತಾಯಮ್ಮ.

"ಬಳ್ಳಿ ಕಣವ್ವ. ದೊರೆಸಾನಿ ಕೊಟ್ರು. ವೆನಿಲ್ಲಾ ಅಂತಾರೆ."

"ತಿನ್ನಾದಾ?"

"ಇದ್ನೇ ತಿನ್ನಾಕಿಲ್ಲ, ತಿನ್ನಾದ್ರೊಳೀಕೆ ಹಾಕ್ತಾರೆ. ಅಲ್ಲಿ ಬಟ್ಲರು ಹಾಲ್ಗೆ ಮೊಟ್ಟೆ ಬೆರ್ಸಿ ಅದೇನೋ ಕಸ್ಟರ್ಡು ಅಂತ ಮಾಡ್ತಾನೆ. ಇದರ ಕಾಯಿ ಒಂದು ಚೂರು ಬಿದ್ರೆ, ಗೇಟಿನ ತಾವ ನಿಂತಿರೋ ನನ್ಗೆ ಗೊತ್ತಾಯ್ತದೆ ಕಣವ್ವ, ಬಾಣ್ಲೆ ಇಳೀತು ಅಂತ."

"ಮೊಟ್ಟೆಗಾಕೋ ಬಳ್ಳಿಯಾ! ಬಾವಿ ತಾವ ನೆಟ್ಕೋ ಓಗು. ಒಳೀಕೆ ತರ್ಬ್ಯಾಡ."

ಬಾವಿ ಪಕ್ಕದ ಹಾಲುವಾಣದ ಮರಕ್ಕೆ ಅದನ್ನು ಹಬ್ಬಿಸಿದರು. ಮನೆಯವರೆಲ್ಲ ಅದಕ್ಕೆ ದೊರೆಸಾನಿ ಬಳ್ಳಿ ಎಂದೇ ಹೆಸರಿಟ್ಟರು. ಮೂರು ವರ್ಷ ಅದು ಹಬ್ಬುವುದೊಂದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಅಷ್ಟರಲ್ಲಿ ಯುದ್ಧ ಬಲಿತು ದೊರೆಸಾನಿ ಹಡಗು ಹತ್ತಿ ತನ್ನ ದೇಶಕ್ಕೆ ಹೊರಟುಹೋದಳು. ಹೋಗುವ ಮೊದಲು ಹೂವಿಗೆ ಏನು ಮಾಡಬೇಕು, ಕಾಯಿಗೆ ಏನು ಮಾಡಬೇಕು ಎಂದು ಮಾಲಿಗೆ ತೋರಿಸಿ, ಅರ್ಧ ಕನ್ನಡದಲ್ಲಿ ಹೇಳಿ ಹೋಗಿದ್ದಳು.

ನಾಲ್ಕನೇ ವರ್ಷದ ಫಾಲ್ಗುಣದಲ್ಲಿ ಬಳ್ಳಿ ಮೊಗ್ಗು ಕಟ್ಟಿತು. ಹಸಿರೋ ಹಳದಿಯೋ ಹೇಳಲಾಗದ ಬಣ್ಣದ ಹೂವು. ಬೆಳಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತಿತ್ತು, ಮಾರನೆಯ ದಿನ ನೆಲಕ್ಕೆ ಬೀಳುತ್ತಿತ್ತು. ಭಾನುವಾರ ಸಿದ್ದರಾಜು ಜಾಲಿಮುಳ್ಳೊಂದನ್ನು ತಂದು ಹೂವಿನ ಮುಂದೆ ಕೂತ.

"ನೋಡು ಇಲ್ಲಿ. ಗಂಡೂ ಹೆಣ್ಣೂ ಒಂದೇ ಊವ್ನಾಗೆ ಅವೆ. ನಡುವೆ ಒಂದು ಪೊರೆ ಐತೆ. ಅದ್ನ ಮುಳ್ಳಲ್ಲಿ ಎತ್ಬೇಕು, ಹೆಬ್ಬೆಟ್ಟಲ್ಲಿ ಒಸಿ ಅದುಮ್ಬೇಕು. ಇದು ಹುಟ್ಟಿದ ದೇಸ್ದಾಗೆ ಯಾವ್ದೋ ನೊಣ ಮಾಡ್ತದಂತೆ ಈ ಕೆಲ್ಸವ. ನಮ್ ತಾವ ಆ ನೊಣ ಇಲ್ಲ."

ಗುದ್ದಲಿ ಹಿಡಿದ ಬೆರಳು ಅವನದು. ಹೂವು ಹರಿದು ಕೈಗೆ ಬಂತು. ಇನ್ನೊಂದೂ ಹರಿಯಿತು. ದೇವಿರಮ್ಮ ಮುಳ್ಳು ತೆಗೆದುಕೊಂಡಳು. ಕಣ್ಣಿಗೆ ಕಾಣದ ಎಳೆಯ ತುದಿಯನ್ನು ನೀರಿನಲ್ಲಿ ಹುಡುಕಿ ಎತ್ತುವ ಬೆರಳಿಗೆ ಒಂದು ಪೊರೆ ಎತ್ತುವುದು ಎಷ್ಟರದು? ಉಸಿರು ಬಿಡುವುದರೊಳಗೆ ಮುಗಿಯಿತು.

ಗಂಡ ಮಂಡ್ಯಕ್ಕೆ ಹೋದ ಮೇಲೆ ದಿನಾ ಬೆಳಗ್ಗೆ ಮಿಂದು ಅವಳೇ ಆ ಕೆಲಸ ಮಾಡಿದಳು. ವಾರಗಿತ್ತಿ ಬೆಳ್ಳಮ್ಮ ನೀರು ಸೇದುತ್ತ ನಗುತ್ತಿದ್ದಳು. "ನಮ್ಮಕ್ಕ ನೊಣ ಆಗೋದ್ಲು ಕಣ್ರಪ್ಪೋ! ಬೆಲ್ಲದ ಡಬ್ಬಿ ಮುಚ್ಚಿಡ್ರಪ್ಪೋ!"

"ನಗು ನಗು. ನೀನೂ ಒಂದಿನ ಮುಟ್ನೋಡು, ಎದೆ ಜುಮ್ ಅಂತದೆ," ಎಂದಳು ದೇವಿರಮ್ಮ.

ಅದು ನಿಜವಾಗಿತ್ತು. ಅವಳು ಮುಟ್ಟದೆ ಬಿಟ್ಟ ಹೂವು ಮಾರನೆಯ ದಿನ ಉದುರುತ್ತಿತ್ತು. ಮುಟ್ಟಿದ ಹೂವು ಬಾಡಿದರೂ ಉದುರದೆ ಅದರ ಹಿಂದೆ ಹಸಿರು ಕಡ್ಡಿಯೊಂದು ನೀಳವಾಗುತ್ತಿತ್ತು. ಒಂದೇ ಹೂವಿನೊಳಗೆ ಇಬ್ಬರನ್ನು ಕೂರಿಸಿ, ನಡುವೆ ತೆರೆ ಬಿಟ್ಟು, ಆ ತೆರೆ ಎತ್ತುವ ಕೆಲಸವನ್ನು ಮಾತ್ರ ತನ್ನಂಥವಳ ಕೈಗೆ ಬಿಟ್ಟವನು ಎಂಥವನು! ಯಾಕೆ ಬಿಟ್ಟ? ಅವಳು ಬಾವಿಕಟ್ಟೆಯ ಮೇಲೆ ಮುಳ್ಳು ಹಿಡಿದುಕೊಂಡೇ ಸುಮ್ಮನೆ ನಿಂತುಬಿಡುತ್ತಿದ್ದಳು.

ಆಷಾಢಕ್ಕೆ ಮೂವತ್ತಾರು ಕಾಯಿ ಗೊನೆಗೊನೆಯಾಗಿ ಜೋತಾಡುತ್ತಿದ್ದವು. ನೋಡಲು ಅಲಸಂದೆ ಕಾಯಿಯಂತೆಯೇ ಇದ್ದವು, ಒಂದಿಷ್ಟು ದಪ್ಪ. ಬಸ್ಸಾರಿಗೆ ಆದೀತೇನೋ ಎಂದು ಬೆಳ್ಳಮ್ಮ ಒಂದನ್ನು ಕಿತ್ತು ಕಚ್ಚಿ ನೋಡಿದಳು. ಮರುಗಳಿಗೆಯೇ ಥೂ ಥೂ ಎಂದು ಉಗುಳುತ್ತ, ತುಟಿ ಕೆರೆದುಕೊಳ್ಳುತ್ತ ಹಿತ್ತಲೆಲ್ಲ ಕುಣಿದಳು. ಸಂಜೆಯ ಹೊತ್ತಿಗೆ ತುಟಿ ಊದಿ ಎರಡರಷ್ಟಾಗಿತ್ತು.

ನಗಬೇಕಾದ ಸಣ್ಣತಾಯಮ್ಮ ನಗಲಿಲ್ಲ. "ಎಂಥ ಕೆಲ್ಸ ಮಾಡ್ದೆಲೇ ಬೆಳ್ಳಿ! ಮನೇಲಿ ಬೆಳೆದ ಯಾವ ಬೆಳೆಗಾದ್ರೂ ಮೊದಲ ಫಸಲು ಯಾರ್ದು? ತಾಯ್ದು ತಾನೆ? ರಾಗಿಯಾದ್ರೂ ಅಷ್ಟೆ, ದೊರೆಸಾನಿ ಬಳ್ಳಿಯಾದ್ರೂ ಅಷ್ಟೆ. ಕೇಳ್ರಪ್ಪ ಎಲ್ಲಾರೂವೆ. ಉಳಿದಿದ್ದು ಪಟ್ಟಲಮ್ಮನ ಮೀಸಲು. ಬಾಯ್ಗೂ ತರಂಗಿಲ್ಲ, ಮೂಗಿಗೂ ತರಂಗಿಲ್ಲ. ಬೆಳ್ಳಿ ಇನ್ ಮ್ಯಾಲೆ ಇದ್ನ ಮುಟ್ಟಂಗೇ ಇಲ್ಲ."

"ಮೂಗಿಗೆ ಬರಾಕೆ ಅದ್ರಾಗೆ ವಾಸ್ನೆನೇ ಇಲ್ವಲ್ಲ ಅತ್ತೆ," ಎಂದಳು ಬೆಳ್ಳಮ್ಮ, ಊದಿದ ತುಟಿಯಲ್ಲೇ.

ಅದೂ ನಿಜ. ಹಸಿ ಕಾಯಿಗೆ ಹುಲ್ಲಿನಷ್ಟು ವಾಸನೆಯೂ ಇರಲಿಲ್ಲ.

ಮಾರ್ಗಶಿರದಲ್ಲಿ ಕಾಯಿಯ ತುದಿ ಹಳದಿ ತಿರುಗಿತು. ಸಿದ್ದರಾಜು ಕೊಯ್ದು ತಂದು ಜಗಲಿಯ ಮೇಲೆ ಹರವಿದ. ದೊರೆಸಾನಿ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಹೇಳಿದ: ಬಿಸಿನೀರಿಗೆ ಅದ್ದಬೇಕು. ಕಂಬಳಿಯಲ್ಲಿ ಸುತ್ತಿ ಬೆವರಿಸಬೇಕು. ದಿನಾ ಒಂದು ಗಳಿಗೆ ಬಿಸಿಲು, ಮತ್ತೆ ಕಂಬಳಿ. ಆಮೇಲೆ ನೆರಳು. ಆಮೇಲೆ ಮುಚ್ಚಿದ ಪಾತ್ರೆ.

"ಬಿಸಿನೀರು ಅಂದ್ರೆ ಎಷ್ಟು ಬಿಸಿ?" ಎಂದು ದೇವಿರಮ್ಮ ಕೇಳಿದಳು.

"ಅದೇ ತೊಂದ್ರೆ. ಅವರ ತಾವ ಒಂದು ಗಾಜಿನ ಕಡ್ಡಿ ಇತ್ತು, ಅದ್ದಿ ನೋಡೋರು. ಕುದ್ದ್ರೂ ಕೆಟ್ಟೋಯ್ತದೆ, ಆರಿದ್ರೂ ಕೆಟ್ಟೋಯ್ತದೆ. ಕಾಯ್ನ ಸಾಯಿಸ್ಬೇಕು, ಬೇಯಿಸ್ಬಾರ್ದು ಅನ್ನೋರು. ಸಾಯ್ಲಿಲ್ಲ ಅಂದ್ರೆ ಅದು ಇನ್ನೂ ಬಳ್ಳಿ ಮ್ಯಾಲೇ ಇದ್ದೀನಿ ಅನ್ಕಂಡು ಬಾಯ್ಬಿಟ್ಟು ಒಡೆದೋಯ್ತದಂತೆ."

ಒಳಗಿನಿಂದ ಸಣ್ಣತಾಯಮ್ಮನ ದನಿ ಬಂತು. "ಇದ್ನೂ ನೀರ್ಗೆ ಹಾಕಿ ಸಾಯಿಸಾದೇಯಾ? ಹಂಗಾರೆ ಸರಿಯಾದ ಕೈಯೇ ಸಿಕ್ತು ಬುಡು."

ದೇವಿರಮ್ಮ ತಲೆ ತಗ್ಗಿಸಿದಳು. ಮಾತು ಚುಚ್ಚಿತು. ಆದರೂ ಅದರೊಳಗಿನ ನಿಜ ಇನ್ನೂ ಆಳಕ್ಕೆ ಚುಚ್ಚಿತು: ಈ ಮನೆಯಲ್ಲಿ ಸಾಯಿಸಿಯೂ ಬೇಯಿಸದ ಆ ನೀರಿನ ಹದ ಬಲ್ಲದ್ದು ತನ್ನ ಕೈ ಒಂದೇ.

ಕೊಟ್ಟಿಗೆಯಲ್ಲಿ ರೇಷ್ಮೆ ಬಾಣಲೆ ಬಿಟ್ಟು ಬೇರೆ ಹೊಸ ಮಡಕೆಯಲ್ಲಿ ನೀರು ಕಾಯಿಸಿದಳು. ಎಳೆ ಬಿಚ್ಚುವ ನೀರಿಗೆ ಒಂದು ಹದವಿದೆ. ಬೆರಳದ್ದಿ ಅವ್ವಾ ಎನ್ನುವುದರೊಳಗೆ ತೆಗೆಯಬೇಕು. ಆದರೆ ಬೆರಳು ಕೆಂಪಾಗಬಾರದು. ಆ ಹದಕ್ಕೆ ಬಂದ ಕೂಡಲೇ ಸೌದೆ ಎಳೆದು ಕಾಯಿಗಳನ್ನು ಬಿದಿರುಬುಟ್ಟಿಯಲ್ಲಿ ಮುಳುಗಿಸಿದಳು. ದೊರೆಸಾನಿ ಗಡಿಯಾರ ನೋಡಿ ಮೂರು ನಿಮಿಷ ಎನ್ನುತ್ತಿದ್ದಳಂತೆ. ಇವರಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ದೇವಿರಮ್ಮ ಕಣ್ಣು ಮುಚ್ಚಿ, ಮಾವ ಓದುವ ಆರು ಸಾಲಿನ ಪದ್ಯವೊಂದನ್ನು ಅವನದೇ ರಾಗದಲ್ಲಿ ಮೆಲ್ಲಗೆ ನಾಲ್ಕು ಸಲ ಹೇಳಿಕೊಂಡಳು. ಕೊನೆಯ ಸಾಲು ಮುಗಿಯುವಾಗ ಬುಟ್ಟಿ ಎತ್ತಿದಳು. ನಿಮಿಷ ಎಷ್ಟಾಯಿತೋ, ಪದ್ಯವಂತೂ ಸರಿಯಾಗಿ ಮುಗಿದಿತ್ತು.

ಕಂಬಳಿ ಸುತ್ತಿ ಹುಲ್ಲಿನ ನಡುವೆ ಇಟ್ಟದ್ದನ್ನು ಮಾರನೆಯ ದಿನ ಬಿಚ್ಚಿದಾಗ ಹಸಿರು ಕಾಯಿಗಳೆಲ್ಲ ಹುಣಿಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಂದೂ ಒಡೆದಿರಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಹಸುಗೂಸಿನ ಆರೈಕೆಯಾಯಿತು. ಬಿಸಿಲೇರಿದಾಗ ಕಂಬಳಿ ಹಾಸಿ ಹರವುವುದು, ಕೈಗೆ ಬಿಸಿ ತಾಕುವಂತಾದಾಗ ಅದೇ ಬಿಸಿಯಲ್ಲಿ ಸುತ್ತಿ ಒಳಗಿಡುವುದು, ದಿನಾಲೂ ಒಂದೊಂದನ್ನೂ ಎರಡು ಬೆರಳ ನಡುವೆ ಹಿಡಿದು ಉದ್ದಕ್ಕೂ ನೀವುವುದು. ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯದೋ ಹದಿನೇಳನೆಯದೋ ದಿನ ಮಧ್ಯಾಹ್ನ, ಅವಳು ಚರಕದ ಮುಂದೆ ಕೂತಿದ್ದಳು. ರೇಷ್ಮೆ ಬಿಚ್ಚುವ ಕಡೆ ಬೆಂದ ಹುಳುವಿನ ನಾತ ಎಂಥದೆಂದು ಕೂತವರಿಗೇ ಗೊತ್ತು. ಆ ನಾತದ ನಡುವೆ, ಬಾವಿ ಕಡೆಯಿಂದ ಬೀಸಿದ ಗಾಳಿಯಲ್ಲಿ ಏನೋ ಒಂದು ಬಂತು. ಬಂದು ಅವಳ ಮುಂದೆ ನಿಂತಿತು. ನಿಂತು, ಹೋಯಿತು.

ಅವಳ ಕೈಯ ಎಳೆ ಹರಿಯಿತು. ಮೈಮೇಲಿನ ರೋಮ ಎದ್ದಿತ್ತು. ಮಾವ ಓದುವ ಒಂದು ಪದ್ಯದಲ್ಲಿ, ಎಲ್ಲೋ ಕಾಡಿನಲ್ಲಿ ಅರಳಿದ ಹೂವೊಂದರ ಗಂಧ ಹರದಾರಿಗಟ್ಟಲೆ ದೂರ ಬಂದು ಕೂತವರನ್ನು ಎಬ್ಬಿಸುತ್ತದೆ. ಕವಿಗಳು ಹಾಗೆಲ್ಲ ಹೆಚ್ಚು ಮಾಡಿ ಹೇಳುತ್ತಾರೆ ಎಂದುಕೊಂಡಿದ್ದಳು ಅವಳು. ಕಮ್ಮಿ ಮಾಡಿಯೇ ಹೇಳಿದ್ದರು.

ಆಮೇಲೆ ಭಯವಾಯಿತು. ಓಡಿಹೋಗಿ ಅತ್ತೆಯ ಮುಂದೆ ನಿಂತಳು.

"ಅತ್ತೆ, ತಪ್ಪಾಯ್ತು. ವಾಸ್ನೆ ಬಂತು. ನಾನು ಮೂಸ್ನಿಲ್ಲ, ಅದಾಗೇ ಬಂತು. ಮೀಸ್ಲು ಮುರೀತಾ?"

ಸಣ್ಣತಾಯಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಕೈಯಾಗೆ ಇಡ್ದು ಮೂಗಿಗೆ ತಂದ್ಯಾ?"

"ಇಲ್ಲ, ಗಾಳಿ ತಂತು."

"ಗಾಳಿ ತಾಯ್ದು. ಅವಳು ತಂದಿದ್ದ ಬ್ಯಾಡ ಅನ್ನಾಕೆ ನಾವ್ಯಾರು? ಕೈ ಎತ್ತಿ ಮೂಗಿಗೆ ತಂದ್ರೆ ಅದು ಮೂಸಿದ್ದು. ಓಗು, ಕೆಲ್ಸ ನೋಡು."

ಗಾಳಿ ತಂದದ್ದು ಮೂಸಿದ್ದಲ್ಲ ಎಂಬ ಆ ತೀರ್ಪು ಹೇಳಲು ಸಲೀಸು, ನಡೆಸಲು ಕಷ್ಟ. ದಿನದಿಂದ ದಿನಕ್ಕೆ ಕಾಯಿ ಕಪ್ಪಾಯಿತು, ಸುಕ್ಕಾಯಿತು, ಎಣ್ಣೆ ಸವರಿದಂತೆ ಮಿರುಗಿತು. ನೀವಿದ ಬೆರಳಿಗೆ ಆ ಜಿಡ್ಡು ಅಂಟುತ್ತಿತ್ತು. ಆ ಬೆರಳನ್ನು ಮುಖದ ಹತ್ತಿರ ತಂದರೆ ಸಾಕು. ಬೆವರು ಒರೆಸಿಕೊಳ್ಳುವ ನೆಪ ಸಾಕು. ಅವಳು ಮೊಣಕೈಯಿಂದ ಬೆವರು ಒರೆಸಿಕೊಂಡಳು. ಉಣ್ಣುವ ಮೊದಲು ಬೂದಿ ಹಚ್ಚಿ, ಸೀಗೆಪುಡಿ ಹಚ್ಚಿ, ಮತ್ತೆ ಬೂದಿ ಹಚ್ಚಿ ಕೈ ತೊಳೆದಳು. ನೆರಳಿನಲ್ಲಿ ಆರಿಸಿ ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಮೇಲಿಟ್ಟಾಗ ಮಾಘ ಮುಗಿದಿತ್ತು. ಆದರೆ ಗಂಧವನ್ನು ಬಟ್ಟೆ ತಡೆಯುತ್ತದೆಯೇ? ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, "ಏನ್ ನಿಂಗಣ್ಣ, ಮನೇಲಿ ಆಲೆ ಹೂಡಿದ್ದೀರಾ?" ಎಂದು ಕೇಳುತ್ತಿದ್ದರು. ಆಲೆಮನೆಯ ಬೆಲ್ಲದ್ದಲ್ಲ ಅದು. ಬೇರೆ ಯಾವುದನ್ನು ಹೇಳಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

ಯುಗಾದಿ ಕಳೆಯಿತು. ಮಂಗಳವಾರ ಬೆಳಗಾಯಿತು. ಮನೆ ಸಾರಿಸಿ ರಂಗೋಲಿ ಬಿಟ್ಟಾಗಿತ್ತು. ಸಿದ್ದರಾಜು ರಜ ಹೇಳಿ ಬಂದಿದ್ದ. ಹಾಲನ್ನಕ್ಕೆ ಹೊಸ ಅಕ್ಕಿ, ಕಲ್ಲುಸಕ್ಕರೆ, ಎಳೆಗರು ಹಸುವಿನ ಹಾಲು ಒಲೆ ಪಕ್ಕ ಕಾದಿದ್ದವು. ಗಡಿಗೆ ಅಟ್ಟದಿಂದ ಇಳಿದಿತ್ತು. ಸಣ್ಣತಾಯಮ್ಮ ತಲೆಗೆ ನೀರು ಹೊಯ್ದುಕೊಂಡು ಒದ್ದೆ ಸೀರೆಯಲ್ಲಿ ಒಳಹೋದಳು. ದೇವಿರಮ್ಮ ಎಂದಿನಂತೆ ಹೊಸಲಿನಾಚೆ ನಿಂತಳು.

ಅತ್ತೆ ಮೂಗಿಗೆ ಕಟ್ಟುವ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಬಿಡಿಸಿದಳು. ಮಡಿಸಿದಳು. ಮತ್ತೆ ಬಿಡಿಸಿದಳು. ಒಲೆ ಹೊತ್ತಿಸಲಿಲ್ಲ. ಕೊನೆಗೆ ಹೊರಬಂದು ಹೊಸಲಿನ ಈಚೆಗೆ, ಬರಿನೆಲದ ಮೇಲೆ ಕೂತುಬಿಟ್ಟಳು.

"ಯಾಕವ್ವ, ತಲೆ ಸುತ್ತು ಬಂತಾ?" ಎಂದು ಸಿದ್ದರಾಜು ಓಡಿಬಂದ.

"ಸುತ್ತೂ ಇಲ್ಲ ಗಿತ್ತೂ ಇಲ್ಲ. ನಾನು ಬೇಯ್ಸಂಗಿಲ್ಲ." ಅವಳು ಯಾರ ಮುಖವನ್ನೂ ನೋಡಲಿಲ್ಲ. "ಮೂಸ್ಬುಟ್ಟೆ ಕಣ್ಲಾ."

ಒದ್ದೆ ಸೆರಗಿನ ತುದಿ ಹಿಂಡಿಕೊಂಡು ತಾನೇ ಮುಂದುವರಿಸಿದಳು.

"ಓದ ಶುಕ್ರವಾರ. ನೀವೆಲ್ಲ ಗದ್ದೆ ತಾವ ಓಗಿದ್ರಿ. ಒಬ್ಳೇ ಇದ್ದೆ. ಅಟ್ಟದ ಮ್ಯಾಲಿಂದ ಕರ್ದಂಗಾಯ್ತು. ಏಣಿ ಹತ್ತಿ, ಬಟ್ಟೆ ಬಿಚ್ಚಿ, ಒಂದು ಕಾಯಿ ತಕ್ಕಂಡು ಮೂಗಿಗೆ ಒತ್ತಿ ಇಡ್ಕಂಡೆ. ಗಾಳಿ ತಂದಿದ್ದಲ್ಲ. ಈ ಕೈ ತಂದಿದ್ದು. ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ಲ. ಎಪ್ಪತ್ತು ವರ್ಸ ಈ ಮೂಗು ನನ್ ಮಾತು ಕೇಳಿತ್ತು ಕಣ್ರೋ, ಅವತ್ತೊಂದಿನ ಕೇಳ್ನಿಲ್ಲ."

"ಏಣಿ ಹತ್ತಿದ್ರಾ ಅತ್ತೆ! ಮಂಡಿನೋವು ಅಂತಿದ್ರಿ?" ಎಂದಳು ಬೆಳ್ಳಮ್ಮ. ಬೇರೆ ದಿನವಾಗಿದ್ದರೆ ಬೈಗುಳ ಬೀಳುತ್ತಿತ್ತು. ಇವತ್ತು ಬೀಳಲಿಲ್ಲ.

ನಿಂಗಯ್ಯ ಜಗಲಿಯಿಂದ ಹೇಳಿದ: "ಯಾರ್ಗೂ ಗೊತ್ತಿರ್ನಿಲ್ವಲ್ಲಮ್ಮಿ. ಸುಮ್ಕಿದ್ದಿದ್ರೆ ಆಯ್ತಿತ್ತು."

"ನಿಮ್ಗೆ ಗೊತ್ತಿರ್ನಿಲ್ಲ. ಅವಳ್ಗೆ?" ಹಿತ್ತಲ ಬೇವಿನ ಮರದ ಕೆಳಗಿದ್ದ ಪಟ್ಟಲಮ್ಮನ ಕಲ್ಲಿನ ಕಡೆ ಸಣ್ಣತಾಯಮ್ಮ ಕತ್ತು ತಿರುಗಿಸಿದಳು. "ಆ ಕಾಯ್ನ ಬೇರೆ ಮಡಗಿವ್ನಿ. ಉಳಿದಿದ್ದು ಶುದ್ಧವಾಗವೆ. ಮೂಸ್ದೋಳು ನಾನು, ಕಚ್ದೋಳು ಬೆಳ್ಳಿ." ಆಮೇಲೆ ಮೊದಲ ಸಲ ದೇವಿರಮ್ಮನನ್ನು ನೇರವಾಗಿ ನೋಡಿದಳು. "ನೀನು? ತಾಯ್ ಮ್ಯಾಲೆ ಆಣೆ ಮಡ್ಗಿ ಯೋಳು."

"ಇಲ್ಲ ಅತ್ತೆ. ಗಾಳಿ ತಂದಿದ್ದಷ್ಟೆ."

"ದಿನಾ ಕೈಯಾಗೆ ಇಡ್ದು ನೀವ್ತಿದ್ದೆ. ಬೆರಳ್ಗೆಲ್ಲ ಜಿಡ್ಡು ಅಂಟಿರ್ತಿತ್ತು. ಒಂದಿನಾನೂ?"

"ಒಂದಿನಾನೂ ಇಲ್ಲ."

ಸಣ್ಣತಾಯಮ್ಮ ಅವಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಬೂದಿ ಉಜ್ಜಿ ಉಜ್ಜಿ ಬೆರಳ ಸಂದುಗಳೆಲ್ಲ ಒಡೆದಿದ್ದವು. ಯಾಕೆ ಒಡೆದಿವೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಓಗು. ತಲೆಗೆ ನೀರುಯ್ಕಂಡು ಬಾ. ಒಳೀಕೆ ಓಗಿ ಒಲೆ ಅಚ್ಚು."

ಹನ್ನೆರಡು ವರ್ಷ ಕಾದ ಮಾತು ಅದು. ಕೇಳಿದ ಗಳಿಗೆಯಲ್ಲಿ ದೇವಿರಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಅತ್ತೆ, ಉಳ ಬೇಯ್ಸಿದ ಕೈ ಇದು. ನೆನ್ನೆನೂ ಬೇಯ್ಸಿವ್ನಿ."

"ಗೊತ್ತು ಕಣವ್ವ. ನಾನಂದಿದ್ದು ಸರಿಯೋ ತಪ್ಪೋ ಅದ ತಾಯಿ ನೋಡ್ಕೊತಾಳೆ. ನಿನ್ ಕೈ ಕೊಂದೈತೆ, ಕದ್ದಿಲ್ಲ. ನಂದು ಕದೀತು. ಇವತ್ತು ನನ್ಗಿಂತ ನೀನೇ ಮಡಿ. ಎದ್ದೇಳು, ಹೊತ್ತೇರ್ತದೆ."

ಬಾವಿನೀರು ಮೈಮೇಲೆ ಬಿದ್ದಾಗಲೂ ಅವಳಿಗೆ ಇದು ತನಗೆ ನಡೆಯುತ್ತಿದೆ ಎನ್ನಿಸಲಿಲ್ಲ. ಹೊಸಲು ದಾಟಿದಳು. ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡಳು. ಒಲೆ ಹೊತ್ತಿಸಿ ಹಾಲಿಟ್ಟು, ಗಡಿಗೆಯಿಂದ ಒಂದು ಕಾಯಿ ತೆಗೆದು ಮಣೆಯ ಮೇಲಿಟ್ಟಳು. ಬಟ್ಲರು ಮಾಡುವುದನ್ನು ಗಂಡ ಹೇಳಿದ್ದ: ಉದ್ದಕ್ಕೆ ಸೀಳು, ಒಳಗಿನದನ್ನು ಕೆರೆದು ಹಾಲಿಗೆ ಹಾಕು, 'ಸಿಪ್ಪೆನೂ ಹಾಕು, ಬಿಸಾಡ್ಬ್ಯಾಡ'. ಚೂರಿಯ ತುದಿಯಿಂದ ಸೀಳಿದಳು. ಒಳಗೆ ಕಾಡಿಗೆಯಂಥ ಕರೀ ಹಿಟ್ಟು, ಎಣಿಸಲಾಗದಷ್ಟು ಸಣ್ಣ ಬೀಜ. ಕೆರೆದು ಹಾಲಿಗೆ ಬಿಟ್ಟಳು.

ಬಿಟ್ಟ ಕೂಡಲೇ ಮಡಕೆಯ ಮೇಲೆ ಬಗ್ಗಿದಳು. ಬೆಳ್ಳಗಿನ ಹಾಲಿನ ತುಂಬ ಕರೀ ಚುಕ್ಕೆ! ತಾಯಿಯ ಹಾಲಿಗೆ ಮಸಿ ಬಿದ್ದಂತೆ. ಕೆಟ್ಟುಹೋಯಿತೋ ಏನೋ. ಕೇಳೋಣವೆಂದರೆ ಬಾಯಿ ಕಟ್ಟಿದೆ, ಮೂಸಿ ತಿಳಿಯೋಣವೆಂದರೆ ಮೂಗು ಕಟ್ಟಿದೆ. ಅವಳಿಗೆ ಉಳಿದಿದ್ದು ಕಣ್ಣೆರಡು, ಕೈಯೆರಡು. ಹಾಲು ಉಕ್ಕದಂತೆ ಸೌದೆ ಎಳೆದು, ಸೌಟಿನಿಂದ ಮೆಲ್ಲಗೆ ತಿರುವಿದಳು. ಚುಕ್ಕೆಗಳು ಮೇಲೆದ್ದು ಸುತ್ತಿ, ಮುಳುಗಿ, ಮತ್ತೆ ಎದ್ದವು. ಅಮಾಸೆ ರಾತ್ರಿಯ ಆಕಾಶ ಬೆಳ್ಳಗಾಗಿ ನಕ್ಷತ್ರ ಕಪ್ಪಾಗಿದ್ದರೆ ಹೀಗೆಯೇ ಕಾಣುತ್ತಿತ್ತೇನೋ. ಅಕ್ಕಿ ಹಾಕಿದಳು. ಅಕ್ಕಿ ಹೂವಾಗಿ ಅರಳಿತು. ಕಲ್ಲುಸಕ್ಕರೆ ಹಾಕಿ ಇಳಿಸಿದಳು. ಅವಳ ಮೂಗಿಗೆ ಒದ್ದೆ ಬಟ್ಟೆಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಆದರೆ ಹೊರಗೆ ಏನೋ ಬದಲಾಗಿತ್ತು. ಬೆಳ್ಳಮ್ಮನ ಬಾಯಿ ನಿಂತಿತ್ತು. ಅದು ನಿಲ್ಲುವುದು ನಿದ್ದೆಯಲ್ಲಿ ಮಾತ್ರ. ದೇವಿರಮ್ಮ ತಲೆಯೆತ್ತಿ ನೋಡಿದಳು. ನಡುಮನೆಯಲ್ಲಿ ಸಿದ್ದರಾಜು ಕಂಬಕ್ಕೊರಗಿ ನಿಂತಿದ್ದ. ಬೀದಿಬಾಗಿಲಲ್ಲಿ ಯಾರು ಯಾರೋ ಬಂದು ನಿಂತಿದ್ದರು. ನೊಗ ಹೊತ್ತ ಒಬ್ಬ ಅದನ್ನು ಇಳಿಸುವುದನ್ನೇ ಮರೆತಿದ್ದ. ಹೊಸಲಿನ ಹತ್ತಿರ ಅವಳ ಅತ್ತೆ ಕೂತಿದ್ದಳು, ಕೈ ಮುಗಿದುಕೊಂಡು. ಇತ್ತ ತಿರುಗಿರಲಿಲ್ಲ. ಕಣ್ಣು ಮುಚ್ಚಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಗಾಳಿ ತಂದದ್ದನ್ನು ತಾಯಿ ತಂದದ್ದೆಂದೇ ತೆಗೆದುಕೊಳ್ಳುತ್ತಿದ್ದಳು.

ಆ ಮುಖಗಳನ್ನು ನೋಡಿಯೇ ದೇವಿರಮ್ಮನಿಗೆ ಮಡಕೆಯಲ್ಲಿ ಏನಿದೆ ಎಂದು ತಿಳಿಯಿತು.

ಮಡಕೆ ತಲೆಯ ಮೇಲಿಟ್ಟುಕೊಂಡು ಬೇವಿನ ಮರದ ಕೆಳಗೆ ನಡೆದಳು. ಜನ ಬಾಯಿಬಿಡದೆ ದಾರಿ ಬಿಟ್ಟರು. ಬಾಳೆಲೆಯ ಮೇಲೆ ಹಾಲನ್ನ ಬಡಿಸಿ, ಎಲೆಯ ಮರೆ ಮಾಡಿ, ಎಲ್ಲರೂ ಬೆನ್ನು ತಿರುಗಿಸಿ ನಿಂತರು. ತಾಯಿ ಉಣ್ಣುವಾಗ ನೋಡಬಾರದು. ಬೇವಿನ ಎಲೆ ಅಲುಗಲಿಲ್ಲ. ಎಷ್ಟು ಹೊತ್ತು ಎಂದು ಲೆಕ್ಕ ಹಾಕಲು ಅವಳ ನೆನಪಿಗೆ ಒಂದು ಪದ್ಯವೂ ಬರಲಿಲ್ಲ. ಆಮೇಲೆ, ತಾಯಿಯ ಊಟ ಮುಗಿಯಿತೆಂದು ಮಾವ ತೆಂಗಿನಕಾಯಿ ಒಡೆದ ಸದ್ದು ಕೇಳಿತು.

ಎಲ್ಲರಿಗೂ ಪ್ರಸಾದ ಹಂಚಿ ಕಡೆಗೆ ಉಳಿದಿದ್ದು ಅವಳು. ಸಣ್ಣತಾಯಮ್ಮ ತಾನೇ ಎದ್ದು ಬಂದು ಅವಳ ಮೂಗಿನ ಬಟ್ಟೆ ಬಿಚ್ಚಿ, ಎಲೆತುಣುಕಿನಲ್ಲಿ ಒಂದು ಹಿಡಿ ಹಾಲನ್ನ ಅವಳ ಅಂಗೈಗಿಟ್ಟಳು.

"ಉಣ್ಣವ್ವ. ಬರೋ ವರ್ಸಾನೂ ನೀನೇ ಬೇಯ್ಸು. ನನ್ ಮೂಗನ್ನ ಇನ್ನು ನಂಬಾಕಾಯ್ಕಿಲ್ಲ."

ದೇವಿರಮ್ಮ ಕೈ ಎತ್ತಿ ಮೂಗಿಗೆ ತಂದಳು. ಬೇಕೆಂದೇ ತಂದಳು. ಮೊದಲು ಹಾಲಿತ್ತು. ಹಾಲಿನ ಹಿಂದೆ ಹಳೇ ತುಪ್ಪ. ಅದರ ಹಿಂದೆ ಎಣ್ಣೆ ಒತ್ತಿದ ಮಗುವಿನ ನೆತ್ತಿ, ಮಳೆ ಬಿದ್ದು ನಿಂತ ಮೇಲಿನ ಮರದ ತೊಗಟೆ. ಅದರ ಹಿಂದೆಯೂ ಇನ್ನೇನೋ ಇತ್ತು. ಅದಕ್ಕೆ ಅವಳು ಕೇಳಿದ ಯಾವ ಪದ್ಯದಲ್ಲೂ ಹೆಸರಿರಲಿಲ್ಲ. ಅವಳು ಹಾಗೆಯೇ ನಿಂತಳು.

"ಉಣ್ಣಮ್ಮಿ, ತಣ್ಗಾಯ್ತದೆ," ಎಂದಳು ಸಣ್ಣತಾಯಮ್ಮ.

"ಒಸಿ ತಡೀರಿ ಅತ್ತೆ," ಎಂದಳು ದೇವಿರಮ್ಮ. "ಇನ್ನೂ ಒಳೀಕೆ ಓಯ್ತಾನೇ ಐತೆ."